ಒಂದು ರಾತ್ರಿಗಷ್ಟೇ ಲೆಕ್ಕ ಹಾಕಿದವಳು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಶೇಕ್ಸ್‌ಪಿಯರನ ಹೆಣ್ಣು ಪಾತ್ರಗಳ ಬಗ್ಗೆ ಬಂದ ಲೇಖನದಲ್ಲಿ ಲೇಡಿ ಮ್ಯಾಕ್‌ಬೆತ್‌ಗೆ ಸಿಕ್ಕಿದ್ದು ಒಂದೇ ಪ್ಯಾರಾ. ರಾಣಿಯಾಗುವ ಹುಚ್ಚಿನಿಂದ ಸಾಧು ಗಂಡನ ತಲೆ ಕೆಡಿಸಿ ಕೊಲೆ ಮಾಡಿಸಿದ ರಾಕ್ಷಸಿ, ಕೊನೆಗೆ ಮತಿಗೆಟ್ಟು ತಾನೇ ಪ್ರಾಣ ಕಳೆದುಕೊಂಡಳು ಎಂದು ಅದರಲ್ಲಿದೆ. ಪದವಿ ವಿದ್ಯಾರ್ಥಿಗಳ ಗೈಡುಗಳಲ್ಲೂ ಇದೇ ಮಾತು ಅಚ್ಚಿನಿಂದ ಅಚ್ಚಿಗೆ ಹೋಗುತ್ತಿದೆ. ‘ಮ್ಯಾಕ್‌ಬೆತ್’ ನಾಟಕದ ಕಥೆ ಇಷ್ಟು: ನೀನು ದೊರೆಯಾಗುವೆ ಎಂದು ಮಾಟಗಾತಿಯರು ನುಡಿದ ಮೇಲೆ ಸ್ಕಾಟ್ಲೆಂಡಿನ ಸರದಾರ ಮ್ಯಾಕ್‌ಬೆತ್, ತನ್ನ ಕೋಟೆಗೆ ಅತಿಥಿಯಾಗಿ ಬಂದ ದೊರೆ ಡಂಕನ್‌ನನ್ನು ಹೆಂಡತಿಯ ಜೊತೆ ಸೇರಿ ಕೊಂದು ಪಟ್ಟ ಏರುತ್ತಾನೆ. ಈ ನಾಟಕವನ್ನು ಪಾಠ ಹೇಳುವವರೂ ಆಡಿಸುವವರೂ ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಅವಳು ನಿರಪರಾಧಿ ಎಂದು ವಾದಿಸುವುದಕ್ಕಲ್ಲ. ಕೊಲ್ಲಬೇಕೆಂಬ ಸಂಕಲ್ಪ ಅವಳಲ್ಲಿತ್ತು, ಗಂಡನಿಗಿಂತ ಗಟ್ಟಿಯಾಗಿಯೇ ಇತ್ತು. ಆದರೆ ಅವಳು ಲೆಕ್ಕ ಹಾಕಿದ್ದು ಒಂದು ಕೊಲೆಗೆ, ಒಂದು ರಾತ್ರಿಗೆ. ಬೆಳಗಾದ ಮೇಲೇನು ಎಂಬುದು ಆ ಲೆಕ್ಕದಲ್ಲಿ ಇರಲೇ ಇಲ್ಲ. ಅವಳ ಪಾತ್ರವೆಲ್ಲ ನಿಂತಿರುವುದು ಆ ಕೊರತೆಯ ಮೇಲೆ.

ಮೊದಲು ‘ರಾಣಿಯಾಗುವ ಹುಚ್ಚು’. ಇದು ನಾಟಕದ ಮಾತಲ್ಲ, ನಾಟಕದ ಆಕರದ ಮಾತು. ಶೇಕ್ಸ್‌ಪಿಯರ್ ಕಥೆಯನ್ನು ತೆಗೆದುಕೊಂಡದ್ದು ಹಾಲಿನ್‌ಶೆಡ್ ಎಂಬ ಇಂಗ್ಲಿಷ್ ಚರಿತ್ರಕಾರನ ಗ್ರಂಥದ 1587ರ ಆವೃತ್ತಿಯಿಂದ. ಅದರಲ್ಲಿ ಮ್ಯಾಕ್‌ಬೆತ್‌ನ ಹೆಂಡತಿಗೆ ಇರುವ ಜಾಗ ಒಂದು ವಾಕ್ಯ: ರಾಣಿ ಎನ್ನಿಸಿಕೊಳ್ಳುವ ತೀರದ ಆಸೆಯಿಂದ ಉರಿಯುತ್ತಿದ್ದ ಅವಳು ಗಂಡನನ್ನು ಬಹಳ ಒತ್ತಾಯಿಸಿದಳು ಎಂದು. ಶೇಕ್ಸ್‌ಪಿಯರ್ ಒತ್ತಾಯವನ್ನು ಉಳಿಸಿಕೊಂಡ, ಆ ಕಾರಣವನ್ನು ಬಿಟ್ಟ. ನಾಟಕದಲ್ಲಿ ಅವಳು ಒಂಬತ್ತು ದೃಶ್ಯಗಳಲ್ಲಿ ಬರುತ್ತಾಳೆ. ಒಂದರಲ್ಲೂ ತನ್ನನ್ನು ರಾಣಿ ಎಂದು ಕರೆದುಕೊಳ್ಳುವುದಿಲ್ಲ, ಪಟ್ಟದ ಮೇಲೆ ತಾನು ಕೂತಂತೆ ಕನಸು ಕಾಣುವುದಿಲ್ಲ. ಗಂಡನ ಕಾಗದ ಓದಿದ ಕೂಡಲೇ ಅವಳ ಬಾಯಿಂದ ಬರುವುದು ‘ಗ್ಲಾಮಿಸ್ ನೀನು, ಕಾಡರ್ ನೀನು, ನಿನಗೆ ಮಾತು ಕೊಟ್ಟದ್ದೂ ನೀನಾಗುವೆ’ ಎಂದು. (ಗ್ಲಾಮಿಸ್, ಕಾಡರ್ ಅವನ ಪಾಳೆಯಪಟ್ಟುಗಳು.) ವಾಕ್ಯದ ತುಂಬ ‘ನೀನು’. 1623ರ ಮೊದಲ ಫೋಲಿಯೋದಲ್ಲಿ, ಅಂದರೆ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಗ್ರಹದಲ್ಲಿ, ಅವಳಿಗೆ ‘ಲೇಡಿ ಮ್ಯಾಕ್‌ಬೆತ್’ ಎಂಬ ಹೆಸರೂ ಇಲ್ಲ. ರಂಗಸೂಚನೆಯಲ್ಲಿ ‘ಮ್ಯಾಕ್‌ಬೆತ್‌ನ ಹೆಂಡತಿ’ ಎಂದೋ ಬರೀ ‘ಲೇಡಿ’ ಎಂದೋ ಇದೆ. ಈ ಹೆಸರು ಆಮೇಲಿನ ಸಂಪಾದಕರದು. (ಚರಿತ್ರೆಯಲ್ಲಿ ಅವಳಿಗೆ ಸ್ವಂತ ಹೆಸರಿತ್ತು: ಗ್ರುವಾಖ್. ಮೊದಲ ಗಂಡ 1032ರಲ್ಲಿ ಐವತ್ತು ಜನರ ಜೊತೆ ಸುಟ್ಟುಹೋದ. ಅವನಿಂದ ಲೂಲಾಖ್ ಎಂಬ ಮಗನಿದ್ದ. ಡಂಕನ್ ಸತ್ತದ್ದು 1040ರಲ್ಲಿ ಕಾಳಗದಲ್ಲಿ, ಅತಿಥಿಯಾಗಿ ಹಾಸಿಗೆಯಲ್ಲಿ ಮಲಗಿದ್ದಾಗ ಅಲ್ಲ. ಅಲ್ಲಿಂದ ಮುಂದೆ ಮ್ಯಾಕ್‌ಬೆತ್ 17 ವರ್ಷ ಆಳಿದ.)

ಇನ್ನು ‘ಸಾಧು ಗಂಡ’. ಹೆಂಡತಿ ರಂಗಕ್ಕೆ ಬರುವ ಮೊದಲೇ, ಮೊದಲ ಅಂಕದ ಮೂರನೇ ದೃಶ್ಯದಲ್ಲಿ, ಮಾಟಗಾತಿಯರ ಮಾತು ಕೇಳಿ ಅವನ ಕೂದಲು ನಿಮಿರುತ್ತದೆ, ಎದೆ ಪಕ್ಕೆಲುಬಿಗೆ ಬಡಿಯುತ್ತದೆ. ‘ಕೊಲೆ’ ಎಂಬ ಪದವನ್ನು ಅವನೇ ಆಡುತ್ತಾನೆ. ನಾಲ್ಕನೇ ದೃಶ್ಯದಲ್ಲಿ ಡಂಕನ್ ತನ್ನ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿ ಎಂದು ಸಾರಿದಾಗ, ನಕ್ಷತ್ರಗಳೇ ಬೆಂಕಿ ಮುಚ್ಚಿಕೊಳ್ಳಿ, ನನ್ನ ಕರಾಳ ಆಸೆ ಬೆಳಕಿಗೆ ಕಾಣದಿರಲಿ ಎನ್ನುತ್ತಾನೆ. ಇಷ್ಟಾದ ಮೇಲೆ ಐದನೇ ದೃಶ್ಯದಲ್ಲಿ ಅವಳ ಪ್ರವೇಶ. ಏಳನೆಯದರಲ್ಲಿ ಅವನು ಹಿಂದೆಗೆದಾಗ ಅವಳು ಕೇಳುವ ಪ್ರಶ್ನೆಯನ್ನು ಓದುಗರು ಗಮನಿಸಬೇಕು: ಈ ಕೆಲಸವನ್ನು ನನ್ನ ಮುಂದೆ ತೆಗೆದವರು ಯಾರು? ಆಗ ಸಮಯವೂ ಇರಲಿಲ್ಲ, ಸ್ಥಳವೂ ಇರಲಿಲ್ಲ, ಎರಡನ್ನೂ ನೀನೇ ಒದಗಿಸಿಕೊಳ್ಳುವವನಿದ್ದೆ. ಈಗ ತಾವಾಗಿ ಒದಗಿವೆ, ನೀನು ಕುಸಿಯುತ್ತಿದ್ದೀಯೆ. ಬೀಜ ಅವನದು. ಅವಳು ಮಾಡಿದ್ದು ಅದಕ್ಕೆ ಕೈಕಾಲು ಕೊಟ್ಟದ್ದು.

ಆ ಕೊಡುವ ರೀತಿ ಭಯಂಕರವಾಗಿರುವುದು ಕಿರುಚಾಟದಿಂದಲ್ಲ, ಮನೆವಾರ್ತೆಯ ಮಾತಿನಿಂದ. ದೊರೆ ಇವತ್ತು ರಾತ್ರಿ ಬರುತ್ತಾನೆ ಎಂದ ಗಂಡನಿಗೆ ಅವಳು ಕೇಳುವುದು ‘ಹೊರಡುವುದು ಯಾವಾಗ?’ ನಾಳೆ ಎಂಬ ಉತ್ತರಕ್ಕೆ, ಆ ನಾಳೆಯನ್ನು ಸೂರ್ಯ ನೋಡಲಾರ ಎಂದು ಹೇಳಿ, ‘ಬರುವವರಿಗೆ ಆಗಬೇಕಾದ ಏರ್ಪಾಡು ಆಗಬೇಕು, ಮಿಕ್ಕಿದ್ದು ನನಗೆ ಬಿಡು’ ಎನ್ನುತ್ತಾಳೆ. ನೆಂಟರು ಬರುತ್ತಾರೆಂದರೆ ಯಾವ ಮನೆಯೊಡತಿಯೂ ಆಡುವ ಮಾತು. ಗಂಡನ ಎದುರು ‘ಕೊಲೆ’ ಎಂಬ ಪದವನ್ನೇ ಅವಳು ತರುವುದಿಲ್ಲ. ‘ಈ ರಾತ್ರಿಯ ದೊಡ್ಡ ಕೆಲಸ’ ಎನ್ನುತ್ತಾಳೆ. ಇಲ್ಲಿ ನಟಿ ದನಿ ಏರಿಸಿದರೆ ದೃಶ್ಯ ಕೆಟ್ಟಿತೆಂದೇ ಲೆಕ್ಕ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳ ದನಿಯಲ್ಲಿ ಹೇಳಿದಾಗ ಮಾತ್ರ ಸಭೆಯ ಮೈ ತಣ್ಣಗಾಗುತ್ತದೆ.

ಅನುವಾದಕರ ಗಮನಕ್ಕೆ ಒಂದು ಮಾತು: ಹಾಲು. ಗಂಡನಲ್ಲಿ ಮನುಷ್ಯ ಮರುಕದ ಹಾಲು ಹೆಚ್ಚಾಗಿದೆ ಎಂಬುದು ಅವಳ ಮೊದಲ ದೂರು. ನಿಮಿಷಗಳಲ್ಲೇ ಕೊಲೆಯ ಶಕ್ತಿಗಳನ್ನು ಕರೆದು, ನನ್ನ ಹೆಣ್ತನ ಕಳಚಿ, ನನ್ನ ಎದೆಹಾಲು ತೆಗೆದು ಪಿತ್ತ ತುಂಬಿ ಎನ್ನುತ್ತಾಳೆ. ಏಳನೇ ದೃಶ್ಯದಲ್ಲಿ, ಮೊಲೆಯುಣಿಸಿದವಳು ನಾನು, ಹಾಲು ಕುಡಿಯುವ ಕೂಸಿನ ಮೇಲೆ ಎಂಥ ಮಮತೆ ಹುಟ್ಟುತ್ತದೆಂದು ಬಲ್ಲೆ, ಆದರೂ ನಿನ್ನಂತೆ ಆಣೆ ಇಟ್ಟಿದ್ದರೆ ಅದು ನನ್ನ ಮುಖ ನೋಡಿ ನಗುತ್ತಿರುವಾಗಲೇ ಕಿತ್ತು ನೆಲಕ್ಕೆ ಬಡಿಯುತ್ತಿದ್ದೆ ಎಂಬ ಮಾತು. ಕೊನೆಗೆ ಕಾವಲುಗಾರರಿಗೆ ಮದ್ದು ಬೆರೆಸಿ ಕೊಡುವ ‘ಪಾಸೆಟ್’, ಅದೂ ಹಾಲಿನದೇ: ಬಿಸಿ ಹಾಲಿಗೆ ಮದ್ಯ ಹುಯ್ದು ಒಡೆಸಿ, ಸಕ್ಕರೆ ಮಸಾಲೆ ಹಾಕಿ ಮಲಗುವ ಮುಂಚೆ ಕುಡಿಯುತ್ತಿದ್ದ ಪಾನೀಯ. ಅಂದರೆ ಪಿತ್ತವಾಗಲಿ ಎಂದು ಬೇಡಿದ ಹಾಲು ನಾಲ್ಕನೇ ಸಲ ನಿಜವಾಗಿಯೂ ಮದ್ದಾಗಿ ಬಟ್ಟಲಿಗೆ ಬರುತ್ತದೆ. ಮೊದಲನೆಯದನ್ನು ‘ಕರುಣೆ’ ಎಂದೂ ಕೊನೆಯದನ್ನು ‘ಮದಿರೆ’ ಎಂದೂ ಅನುವಾದಿಸಿಬಿಟ್ಟರೆ ಈ ಎಳೆ ಹರಿದೇ ಹೋಗುತ್ತದೆ. ಹಾಲಿನಂಥ ಮನಸ್ಸು ಎನ್ನುವ ನುಡಿ ನಮ್ಮಲ್ಲೇ ಇರುವಾಗ ನಾಲ್ಕು ಕಡೆಯೂ ಹಾಲನ್ನೇ ಉಳಿಸಿಕೊಳ್ಳಲು ಏನೂ ಕಷ್ಟವಿಲ್ಲ.

ಈಗ ಅವಳ ಸಂಚನ್ನು ಬಿಡಿಸಿ ನೋಡೋಣ. ದಿನವೆಲ್ಲ ಪ್ರಯಾಣ ಮಾಡಿ ದಣಿದ ಡಂಕನ್ ಗಾಢ ನಿದ್ದೆ ಮಾಡುತ್ತಾನೆ. ಅವನ ಕೋಣೆಯ ಇಬ್ಬರು ಕಾವಲುಗಾರರಿಗೆ ಮೊದಲು ಮದ್ಯ, ಆಮೇಲೆ ಮದ್ದಿನ ಹಾಲು. ಒಂದು ಸಾಲದಿದ್ದರೆ ಇನ್ನೊಂದು. ಅವರ ಕಠಾರಿಗಳನ್ನೇ ಕೈಗೆ ಸಿಗುವಂತೆ ಇಡುವುದು. ಅವಳು ಗಂಟೆ ಬಾರಿಸುವುದು, ಅವನು ಒಳಗೆ ಹೋಗುವುದು. ಇರಿದ ಮೇಲೆ ಕಠಾರಿಗಳನ್ನು ಅಲ್ಲೇ ಬಿಟ್ಟು ಕಾವಲುಗಾರರಿಗೆ ರಕ್ತ ಬಳಿಯುವುದು. ಕೈ ತೊಳೆದು, ರಾತ್ರಿಯ ಉಡುಪು ತೊಟ್ಟು ಮಲಗುವುದು. ಬೆಳಿಗ್ಗೆ ಸುದ್ದಿ ಕೇಳಿ ಎಲ್ಲರಿಗಿಂತ ಜೋರಾಗಿ ಅಳುವುದು. ಕೇಳಿದ ಗಂಡ ಎಷ್ಟು ಮೆಚ್ಚುತ್ತಾನೆಂದರೆ, ನೀನು ಗಂಡು ಮಕ್ಕಳನ್ನೇ ಹೆರಬೇಕು ಎನ್ನುತ್ತಾನೆ.

ಚೆನ್ನಾಗಿಯೇ ಕಾಣುತ್ತದೆ. ಆದರೆ ತೂತುಗಳನ್ನು ಎಣಿಸಿ. ದೊರೆಯನ್ನು ಕೊಂದ ಕಾವಲುಗಾರರು ಓಡಿಹೋಗದೆ, ಒರೆಸದ ಕಠಾರಿಗಳನ್ನು ದಿಂಬಿನ ಮೇಲಿಟ್ಟುಕೊಂಡು ಹೆಣದ ಪಕ್ಕದಲ್ಲೇ ಯಾಕೆ ಮಲಗುತ್ತಾರೆ? ಎದ್ದ ಮೇಲೆ, ನಮಗೆ ಕುಡಿಯಲು ಕೊಟ್ಟವರು ಯಾರು ಎಂದು ಅವರು ಬಾಯಿ ಬಿಟ್ಟರೆ? ಸತ್ತ ದೊರೆಗೆ ಇಬ್ಬರು ಗಂಡು ಮಕ್ಕಳಿದ್ದಾರೆ, ಹಿರಿಯನಿಗೆ ಉತ್ತರಾಧಿಕಾರ ಆಗಲೇ ಘೋಷಣೆಯಾಗಿದೆ, ಇಬ್ಬರೂ ಅದೇ ಕೋಟೆಯಲ್ಲಿ ಮಲಗಿದ್ದಾರೆ, ಅವರನ್ನೇನು ಮಾಡುವುದು? ಸಂಚಿನಲ್ಲಿ ಇದಕ್ಕೆ ಒಂದು ಪದವೂ ಇಲ್ಲ. ಅವರು ಹೆದರಿ ಓಡಿಹೋದದ್ದು, ಅದರಿಂದ ಅನುಮಾನ ಅವರ ಮೇಲೆಯೇ ತಿರುಗಿದ್ದು ಬರೀ ಅದೃಷ್ಟ. ಪಳಗಿದ ಕೊಲೆಗಾರ್ತಿ ಹೀಗೆ ಲೆಕ್ಕ ಹಾಕುವುದಿಲ್ಲ. ‘ಸೋತರೆ?’ ಎಂದು ಗಂಡ ಕೇಳಿದಾಗ ಅವಳಲ್ಲಿ ಉತ್ತರವಿಲ್ಲ, ಎರಡೇ ಪದವಿದೆ: ‘We fail’. ಫೋಲಿಯೋದಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ, ಆದರೆ ಆ ಕಾಲದ ಅಚ್ಚಿನಲ್ಲಿ ಆಶ್ಚರ್ಯಕ್ಕೂ ಅದೇ ಚಿಹ್ನೆ ಬಳಸುವುದಿತ್ತು. ಹಾಗಾಗಿ ಕನ್ನಡದಲ್ಲಿ ಮೂರು ದಾರಿ: ‘ನಾವು ಸೋಲುವುದೇ?’, ‘ಸೋಲುವುದಂತೆ!’, ‘ಸೋತರೆ ಸೋತೆವು.’ ಹದಿನೆಂಟನೇ ಶತಮಾನದ ಹೆಸರಾಂತ ನಟಿ ಸಾರಾ ಸಿಡನ್ಸ್ ಮೂರನ್ನೂ ಆಡಿ ನೋಡಿ ಮೂರನೆಯದಕ್ಕೆ ನಿಂತಳು. ನಮ್ಮ ಮತವೂ ಅದಕ್ಕೇ. ಸೋಲಿನ ಬಗ್ಗೆ ಯೋಚಿಸಲು ನಿರಾಕರಿಸಿದವಳ ದನಿ ಅದು.

ಸಂಚು ಮೊದಲು ಮುರಿಯುವುದು ಗಂಡನ ಕೈಯಲ್ಲಿ. ಕಠಾರಿಗಳನ್ನು ಬಿಟ್ಟು ಬರಬೇಕಾದವನು ಹಿಡಿದುಕೊಂಡೇ ಬರುತ್ತಾನೆ, ಮತ್ತೆ ಒಳಗೆ ಹೋಗಲಾರೆ ಎನ್ನುತ್ತಾನೆ. ಅವಳೇ ಹೋಗಬೇಕಾಗುತ್ತದೆ, ಲೆಕ್ಕದಲ್ಲಿಲ್ಲದ ಹೋಗುವಿಕೆ. ಅವಳು ಡಂಕನ್ನನ ಹೆಣ ನೋಡಿದ್ದು, ಆ ರಕ್ತದಲ್ಲಿ ಕೈಯಾಡಿಸಿದ್ದು ಹೀಗೆ. ಅದಕ್ಕೆ ಸ್ವಲ್ಪ ಮೊದಲು ಕತ್ತಲಲ್ಲಿ ಕಿವಿಯಾನಿಸಿ ನಿಂತು, ಮಲಗಿದ್ದಾಗ ನನ್ನ ತಂದೆಯ ಹಾಗೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ ಎಂದಿದ್ದವಳು. ಆ ಮಾತು ಹೇಳುವಾಗ ಅವಳು ಒಬ್ಬಳೇ ಇದ್ದಾಳೆ, ಯಾರನ್ನೂ ಒಪ್ಪಿಸಬೇಕಾಗಿಲ್ಲ. ಹಾಲೆಲ್ಲ ಪಿತ್ತವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೂ ಹಿಂತಿರುಗಿ ಬಂದು, ನನ್ನ ಕೈಯೂ ನಿನ್ನ ಕೈಯ ಬಣ್ಣವೇ, ಒಂದಿಷ್ಟು ನೀರಾದರೆ ಎಲ್ಲ ಹೋಗುತ್ತದೆ ಎನ್ನುತ್ತಾಳೆ. ಬಾಗಿಲು ಬಡಿಯುವ ಸದ್ದು ಆಗಲೇ ಶುರುವಾಗಿದೆ.

ಎರಡನೇ ಮುರಿತ ಬೆಳಿಗ್ಗೆ. ಮ್ಯಾಕ್‌ಬೆತ್ ಇಬ್ಬರು ಕಾವಲುಗಾರರನ್ನೂ ಕೊಂದುಬಿಡುತ್ತಾನೆ. ಅವರು ಬಾಯಿಬಿಡುವ ತೂತೇನೋ ಮುಚ್ಚಿತು, ಇನ್ನೊಂದು ತೆರೆಯಿತು: ‘ಯಾಕೆ ಹಾಗೆ ಮಾಡಿದೆ?’ ಎಂದು ಫೈಫ್‌ನ ಪಾಳೆಯಗಾರ ಮ್ಯಾಕ್‌ಡಫ್ ಅಲ್ಲೇ ಕೇಳುತ್ತಾನೆ. ಮ್ಯಾಕ್‌ಬೆತ್ ಉದ್ದುದ್ದ ಉಪಮೆಗಳಲ್ಲಿ ಉತ್ತರ ಕೊಡುತ್ತಿರುವಾಗಲೇ ಅವಳು ‘ನನ್ನನ್ನು ಇಲ್ಲಿಂದ ಕರೆದೊಯ್ಯಿರಿ’ ಎಂದು ಕುಸಿಯುತ್ತಾಳೆ. ಇದು ನಟನೆಯೋ ನಿಜವೋ ಎಂದು ವಿಮರ್ಶಕರು ಬಹಳ ಕಾಲದಿಂದ ವಾದಿಸುತ್ತ ಬಂದಿದ್ದಾರೆ. ಫೋಲಿಯೋದಲ್ಲಿ ಮೂರ್ಛೆಯ ಸೂಚನೆ ಇಲ್ಲ. ನಮಗೆ ಮುಖ್ಯವಾದದ್ದು ಅದು ಬರುವ ಜಾಗ. ಅವಳ ಪಟ್ಟಿಯಲ್ಲಿಲ್ಲದ ಎರಡು ಕೊಲೆಗಳ ಸುದ್ದಿ ಅವಳ ಕಿವಿಗೆ ಬಿದ್ದ ಗಳಿಗೆ ಅದು. ಇನ್ನೊಂದು, ‘ಆಕೆಯನ್ನು ನೋಡಿಕೊಳ್ಳಿ’ ಎಂದು ಹೇಳುವುದು ಮ್ಯಾಕ್‌ಡಫ್, ಆಮೇಲೆ ಮ್ಯಾಕ್‌ಬೆತ್‌ನ ಜೊತೆಯ ಸೇನಾನಿ ಬ್ಯಾಂಕೋ. ಗಂಡನಲ್ಲ. ನಿರ್ದೇಶಕರು ಈ ಹೊತ್ತಿನಲ್ಲಿ ಮ್ಯಾಕ್‌ಬೆತ್ ಎಲ್ಲಿ ನಿಂತಿದ್ದಾನೆ, ಅವಳತ್ತ ತಿರುಗುತ್ತಾನೋ ಇಲ್ಲವೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮುಂದಿನ ಮೂರು ಅಂಕಗಳ ದಾಂಪತ್ಯ ಆ ನಿಲುವಿನಲ್ಲಿದೆ.

ಅಲ್ಲಿಂದಾಚೆಗೆ ಅವಳಿಗೆ ಯಾವುದೂ ಗೊತ್ತಾಗುವುದಿಲ್ಲ. ಬ್ಯಾಂಕೋನ ಕೊಲೆಗೆ ಆಳುಗಳನ್ನು ಗೊತ್ತು ಮಾಡುವ ಮುಂಚೆ ಅವಳನ್ನು ಉಳಿದವರ ಜೊತೆ ಹೊರಗೆ ಕಳಿಸಲಾಗುತ್ತದೆ. ಗಂಡನನ್ನು ನೋಡಬೇಕೆಂದರೆ, ಬಿಡುವಾಗಿದ್ದರೆ ಒಂದೆರಡು ಮಾತಿದೆ ಎಂದು ಸೇವಕನ ಮೂಲಕ ದೊರೆಗೆ ಹೇಳಿ ಕಳಿಸಬೇಕು. ‘ಏನು ಮಾಡಲಿದ್ದೀಯೆ?’ ಎಂದು ಕೇಳಿದವಳಿಗೆ ಸಿಗುವ ಉತ್ತರ: ‘ನಿನಗೆ ತಿಳಿಯದೇ ಇರಲಿ ಚಿನ್ನ, ಆದ ಮೇಲೆ ಮೆಚ್ಚುವೆಯಂತೆ.’ ಮುದ್ದಿನ ಮಾತಿನಲ್ಲಿ ಬಾಗಿಲು ಮುಚ್ಚುವುದೆಂದರೆ ಇದು. ಔತಣದಲ್ಲಿ ಬ್ಯಾಂಕೋನ ಭೂತ ಕಂಡು ಅವನು ಬೆದರಿದಾಗ, ‘ನೀನು ಗಂಡಸೇ?’ ಎಂಬ ಹಳೆಯ ಅಸ್ತ್ರವನ್ನೇ ಅವಳು ತೆಗೆಯುತ್ತಾಳೆ. ಈ ಸಲ ಅದು ತಾಗುವುದಿಲ್ಲ. ಅತಿಥಿಗಳೆಲ್ಲ ಹೋದ ಮೇಲೆ ಬೈಯುವ ಶಕ್ತಿಯೂ ಇಲ್ಲ. ಕತ್ತಲೆಯೋ ಬೆಳಗೋ ತಿಳಿಯದ ಹೊತ್ತು ಎನ್ನುತ್ತಾಳೆ, ನಿನಗೆ ನಿದ್ದೆ ಬೇಕು ಎನ್ನುತ್ತಾಳೆ. ಇವೆರಡರ ನಡುವೆ, ಮ್ಯಾಕ್‌ಡಫ್‌ಗೆ ಹೇಳಿ ಕಳಿಸಿದಿರಾ ಎಂದು ಕೇಳುವಾಗ ಗಂಡನನ್ನು ‘ಸರ್’ ಎಂದು ಕರೆಯುತ್ತಾಳೆ. ಕೊಲೆಯ ರಾತ್ರಿ ‘ನನ್ನ ಗಂಡ!’ ಎಂದು ಕೂಗಿದ್ದ ಬಾಯಿ. ನೀನು, ನೀವು, ತಾವು ಮೂರನ್ನೂ ಇಟ್ಟುಕೊಂಡ ಕನ್ನಡ ಇದನ್ನು ಇಂಗ್ಲಿಷಿಗಿಂತ ಚೆನ್ನಾಗಿ ಹೇಳಬಲ್ಲದು: ಮೊದಲ ಅಂಕದ ಐದನೇ ದೃಶ್ಯದಲ್ಲಿ ‘ನೀನು’, ಇಲ್ಲಿಗೆ ಬರುವಾಗ ‘ತಾವು’. ಉದ್ದಕ್ಕೂ ಒಂದೇ ಸರ್ವನಾಮ ಹಾಕಿದರೆ ಈ ದೂರ ಪ್ರೇಕ್ಷಕರಿಗೆ ಕೇಳಿಸುವುದೇ ಇಲ್ಲ.

ನಮ್ಮಲ್ಲಿ ಅವಳನ್ನು ಕೈಕೇಯಿಗೆ ಹೋಲಿಸುವ ರೂಢಿ ಇದೆ, ನಿಮ್ಮ ಲೇಖನದಲ್ಲೂ ಇದೆ. ಹೊಂದುವುದಿಲ್ಲ. ಕೈಕೇಯಿ ಕೇಳಿದ್ದು ತನಗೆ ಸಲ್ಲಬೇಕಾಗಿದ್ದ ಎರಡು ವರ, ಗಂಡನ ಮುಖಕ್ಕೇ ಕೇಳಿದಳು, ಕೇಳಿದ್ದು ಮಗನಿಗಾಗಿ. ಹೋಲಿಸಲೇಬೇಕೆಂದರೆ ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿ ಇದ್ದಾಳೆ, ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಆದರೆ ಅವಳು ಕೊಲ್ಲುವುದು ತನ್ನ ಬಯಕೆಯ ದಾರಿಗೆ ಅಡ್ಡ ಬಂದವರನ್ನು, ಗಂಡನನ್ನು ಮೇಲಕ್ಕೇರಿಸಲು ಅಲ್ಲ. 1209ರಲ್ಲೇ ಅಂಥ ಹೆಣ್ಣನ್ನು ಕಂಡ ಭಾಷೆಗೆ ಎಲ್ಲರನ್ನೂ ಕೈಕೇಯಿಯ ಅಚ್ಚಿಗೆ ಸುರಿಯುವ ಅಗತ್ಯವಿಲ್ಲ. ‘ಮ್ಯಾಕ್‌ಬೆತ್’ ಕನ್ನಡಕ್ಕೂ ಹೊಸದಲ್ಲ. 1895ರಲ್ಲಿ ಎಂ.ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ ಬಂತು, ಆಮೇಲೆ ಡಿವಿಜಿ, ರಾಮಚಂದ್ರದೇವ ಅನುವಾದಿಸಿದರು, ಎಚ್.ಎಸ್. ಶಿವಪ್ರಕಾಶರು ‘ಮಾರನಾಯಕನ ದೃಷ್ಟಾಂತ’ವಾಗಿ ನಮ್ಮ ನೆಲಕ್ಕೆ ತಂದರು, ಅದನ್ನು ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಕೈದಿಗಳಿಂದ ಆಡಿಸಿದರು.

ಕೊನೆಯದಾಗಿ ನಿದ್ದೆಯಲ್ಲಿ ನಡೆಯುವ ದೃಶ್ಯ. ಇದನ್ನು ‘ಹುಚ್ಚಿನ ದೃಶ್ಯ’ ಎಂದು ಬರೆಯುವುದೂ ಆಡುವುದೂ ತಪ್ಪು. ಕೂದಲು ಕೆದರಿ, ಕಣ್ಣಿಗೆ ಕಾಡಿಗೆ ಮೆತ್ತಿ, ರಂಗದ ಮೇಲೆ ಕೆಂಪು ಬೆಳಕು ಚೆಲ್ಲಿ ಆಡಿಸುವುದನ್ನು ದಯವಿಟ್ಟು ಬಿಡಬೇಕು. ಪಠ್ಯದಲ್ಲಿರುವುದು ಬೇರೆ. ವೈದ್ಯ, ಸಖಿಯ ಜೊತೆ ಎರಡು ರಾತ್ರಿ ಕಾದಿದ್ದಾನೆ. ಮೂರನೆಯ ರಾತ್ರಿ ಅವಳು ಬರುತ್ತಾಳೆ. ಕೈಯಲ್ಲಿ ಮೇಣದ ಬತ್ತಿ, ಏಕೆಂದರೆ ಬೆಳಕು ಸದಾ ಹತ್ತಿರ ಇರಬೇಕೆಂಬುದು ಅವಳದೇ ಆಜ್ಞೆ. ದಟ್ಟ ರಾತ್ರಿಯೇ ಬಾ, ನನ್ನ ಕಠಾರಿಗೆ ತಾನು ಮಾಡುವ ಗಾಯ ಕಾಣದಿರಲಿ ಎಂದು ಬೇಡಿದ್ದವಳು ಅವಳೇ. ಕಣ್ಣು ತೆರೆದಿದೆ, ನೋಟ ಮುಚ್ಚಿದೆ. ಕೆಲವೊಮ್ಮೆ ಕಾಲು ಗಂಟೆ ಕೈ ತೊಳೆಯುತ್ತಲೇ ಇರುತ್ತಾಳೆ ಎನ್ನುತ್ತಾಳೆ ಸಖಿ. ಬತ್ತಿ ಹಿಡಿದುಕೊಂಡು ಎರಡು ಕೈ ತೊಳೆಯುವುದು ಹೇಗೆ? ಹಿಂದಿನ ನಟಿಯರು ಅದನ್ನು ಕೆಳಗಿಡುತ್ತಿರಲಿಲ್ಲ. 1785ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಸಿಡನ್ಸ್ ಬತ್ತಿಯನ್ನು ಕೆಳಗಿಟ್ಟು ಕೈ ಉಜ್ಜಿದಳು. ರಂಗಮಂದಿರದ ವ್ಯವಸ್ಥಾಪಕ ಶೆರಿಡನ್ ಬೇಡವೆಂದಿದ್ದ. ಆಟ ಮುಗಿದ ಮೇಲೆ ಅವಳು ಮಾಡಿದ್ದೇ ಸರಿ ಎಂದು ಒಪ್ಪಿದ. ಕೈಗೆ ಕೆಂಪು ಬಣ್ಣ ಬೇಡ. ಕಲೆ ಅವಳಿಗೆ ಮಾತ್ರ ಕಾಣುತ್ತದೆ, ಸಭೆಗೆ ಕಂಡರೆ ಅರ್ಥವೇ ಹೋಗುತ್ತದೆ.

ಮಾತುಗಳು ಪದ್ಯದಲ್ಲಿಲ್ಲ, ಗದ್ಯದಲ್ಲಿವೆ. ಅವಳ ಮಾತಿನ ಕಟ್ಟು ಕಳಚಿದೆ. ಆದರೆ ಒಂದೂ ಅಸಂಬದ್ಧವಲ್ಲ. ‘ಒಂದು, ಎರಡು’ ಎಂಬುದು ಆ ರಾತ್ರಿ ಬಾರಿಸಿದ ಗಂಟೆ. ‘ಆ ಮುದುಕನಲ್ಲಿ ಇಷ್ಟು ರಕ್ತವಿದ್ದೀತೆಂದು ಯಾರಿಗೆ ಗೊತ್ತಿತ್ತು’ ಎಂಬುದು ಕಠಾರಿ ಇಡಲು ಹೋದಾಗ ಕಂಡದ್ದು. ‘ಫೈಫ್‌ನ ಪಾಳೆಯಗಾರನಿಗೊಬ್ಬ ಹೆಂಡತಿ ಇದ್ದಳು, ಈಗ ಅವಳೆಲ್ಲಿ?’ ಎಂಬುದು ಗಂಡ ಕೊಲ್ಲಿಸಿದ ಮ್ಯಾಕ್‌ಡಫ್‌ನ ಹೆಂಡತಿಯ ಬಗ್ಗೆ. ಇಂಗ್ಲಿಷಿನಲ್ಲಿ ಅದಕ್ಕೆ ಮಕ್ಕಳ ಪದ್ಯದಂಥ ಪ್ರಾಸವಿದೆ, ಕನ್ನಡದಲ್ಲೂ ತರಬೇಕು. ‘ಬೆದರಿ ಎಲ್ಲ ಕೆಡಿಸುತ್ತೀರಿ’ ಎಂಬುದು ಔತಣದ್ದು. ಬ್ಯಾಂಕೋ ಗೋರಿಯಿಂದ ಎದ್ದು ಬರಲಾರ ಎಂಬುದು ಅವಳಿಗೆ ತಿಳಿಸದೆ ಮಾಡಿದ ಕೊಲೆಯದು. ತಾನು ಲೆಕ್ಕ ಹಾಕಿದ್ದೂ ಹಾಕದಿದ್ದೂ ಎಲ್ಲ ಅವಳ ಖಾತೆಗೇ ಬಂದು ಸೇರಿವೆ. ‘ಒಂದಿಷ್ಟು ನೀರು’ ಎಂದಿದ್ದವಳಿಗೆ ಈಗ ಅರಬಸ್ತಾನದ ಸುಗಂಧವೆಲ್ಲ ಸಾಲದು. ‘ಆದದ್ದು ಆಯಿತು’ ಎಂದು ಗಂಡನಿಗೆ ಹೇಳಿದ್ದವಳು ಈಗ ಆದದ್ದನ್ನು ಆಗದಂತೆ ಮಾಡಲಾಗದು ಎನ್ನುತ್ತಾಳೆ. ಕೊನೆಗೆ ಮತ್ತೆ ಬಾಗಿಲು ಬಡಿಯುವ ಸದ್ದು, ‘ಕೈ ಕೊಡಿ, ಮಲಗೋಣ.’ ಹಿಡಿಯಲು ಅಲ್ಲಿ ಕೈ ಇಲ್ಲ. ಅವಳು ಇನ್ನೂ ಅದೇ ರಾತ್ರಿಯಲ್ಲಿದ್ದಾಳೆ.

ವೈದ್ಯ ಸಖಿಗೆ ಹೇಳಿ ಹೋಗುವುದು, ತನಗೆ ತಾನೇ ಅಪಾಯ ಮಾಡಿಕೊಳ್ಳುವ ವಸ್ತುಗಳನ್ನೆಲ್ಲ ಅವಳ ಬಳಿಯಿಂದ ತೆಗೆದುಬಿಡು, ಕಣ್ಣಿಟ್ಟಿರು ಎಂದು. ಆಮೇಲೆ ನಾವು ಅವಳನ್ನು ನೋಡುವುದಿಲ್ಲ. ಒಳಗಿನಿಂದ ಹೆಂಗಸರ ಕೂಗು ಕೇಳುತ್ತದೆ, ರಾಣಿ ಸತ್ತಳು ಎಂದು ಮ್ಯಾಕ್‌ಬೆತ್‌ನ ಸೇವಕ ಸೇಟನ್ ಬಂದು ಹೇಳುತ್ತಾನೆ, ಅಷ್ಟೇ. ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡಳು ಎಂಬ ಮಾತು ಬರುವುದು ನಾಟಕದ ಕಟ್ಟಕಡೆಗೆ, ಅದೂ ‘ಹಾಗೆಂದು ಜನ ಭಾವಿಸಿದ್ದಾರೆ’ ಎಂಬ ಸೇರಿಕೆಯೊಡನೆ. ‘ರಾಕ್ಷಸಿಯಂಥ ರಾಣಿ’ ಎಂಬ ಪದ ಬರುವುದೂ ಅದೇ ಮಾತಿನಲ್ಲಿ. ಹೇಳುವವನು ಮಾಲ್ಕಮ್: ಅವಳು ಸಾಯುವಾಗ ಕೋಟೆಯೊಳಗೆ ಇಲ್ಲದವನು, ಅವಳ ಗಂಡನ ತಲೆಯನ್ನು ಈಗಷ್ಟೇ ಕಂಡು ಸಿಂಹಾಸನಕ್ಕೆ ನಡೆಯುತ್ತಿರುವವನು. ನಿಮ್ಮ ಲೇಖಕರು ಆ ಪದವನ್ನು ಬಳಸಲಿ, ಬೇಡವೆನ್ನುವುದಿಲ್ಲ. ಅದು ಮಾಲ್ಕಮ್‌ನ ಮಾತು ಎಂಬುದನ್ನೂ ಅದೇ ವಾಕ್ಯದಲ್ಲಿ ಅಚ್ಚು ಮಾಡಬೇಕೆಂದು ಕೋರುತ್ತೇವೆ.

ಇಂತಿ,
ಈ ನಾಟಕವನ್ನು ಪಾಠ ಹೇಳುವ, ಆಡಿಸುವ ಕೆಲವು ಓದುಗರು